ಹುಳಿಗೆ ತುಕ್ಕು ಕರಗುವ ಬಗೆ

ಕಪ್ಪಿಟ್ಟ ತಾಮ್ರದ ಚೊಂಬನ್ನು ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದರೆ ಸ್ವಲ್ಪ ಹೊತ್ತಿನಲ್ಲೇ ಫಳಫಳ ಹೊಳೆಯುತ್ತದೆ. ತುಕ್ಕು ಹಿಡಿದ ಕುಡುಗೋಲಿಗೆ ಅದೇ ಹುಣಸೆ ಹಚ್ಚಿ ನೋಡಿ, ಕಲೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಎರಡರ ಮೇಲಿರುವುದೂ ಲೋಹದ ಆಕ್ಸೈಡೇ, ಹುಳಿಯೂ ಒಂದೇ. ಹಾಗಾದರೆ ಈ ವ್ಯತ್ಯಾಸವೇಕೆ?

ಹುಣಸೆಯಲ್ಲಿ ಮುಖ್ಯವಾಗಿರುವುದು ಟಾರ್ಟಾರಿಕ್ ಆಮ್ಲ. ನೀರಿನಲ್ಲಿ ಅದು ಬಿಟ್ಟುಕೊಡುವ ಹೈಡ್ರೋಜನ್ ಅಯಾನುಗಳು ಆಕ್ಸೈಡಿನಲ್ಲಿರುವ ಆಕ್ಸಿಜನ್ ಜೊತೆ ಸೇರಿ ನೀರಾಗುತ್ತವೆ. ಒಂಟಿಯಾದ ತಾಮ್ರದ ಅಯಾನು ದ್ರಾವಣಕ್ಕೆ ಇಳಿಯುತ್ತದೆ. ಆಮ್ಲದ ಉಳಿದ ಭಾಗ ಅದನ್ನು ಅಲ್ಲಿಯೇ ಹಿಡಿದಿಡುತ್ತದೆ. ಉಪ್ಪಿನ ಕ್ಲೋರೈಡ್ ಕೂಡ ಇದಕ್ಕೆ ನೆರವಾಗುತ್ತದೆ. ಆಕ್ಸೈಡಿನ ಅಡಿಯ ಶುದ್ಧ ತಾಮ್ರವನ್ನು ಮಾತ್ರ ಈ ಆಮ್ಲ ಸುಲಭವಾಗಿ ಕರಗಿಸಲಾರದು. ಆದರೆ ಗಾಳಿಯಾಡುವಲ್ಲಿ ಹುಳಿ ಬಹಳ ಹೊತ್ತು ನಿಂತರೆ ತಾಮ್ರವೂ ಮೆಲ್ಲಗೆ ಕರಗುತ್ತದೆ. ಸಾರು ಮಾಡುವ ಪಾತ್ರೆಗೆ ಕಲಾಯಿ ಹಾಕಿಸುವುದು ಇದಕ್ಕೇ.

ತುಕ್ಕಿನ ಕಥೆ ಬೇರೆ. ಅಲ್ಲಿ ಕಬ್ಬಿಣದ ಅಯಾನು ಮೂರು ಎಲೆಕ್ಟ್ರಾನ್ ಕಳೆದುಕೊಂಡು ಆಕ್ಸಿಜನ್ನಿಗೆ ಬಿಗಿಯಾಗಿ ಬೆಸೆದುಕೊಂಡಿರುತ್ತದೆ. ಬರೀ ಹುಳಿಗೆ ಅದು ಜಗ್ಗುವುದಿಲ್ಲ. ಇಲ್ಲಿ ಕೆಲಸಕ್ಕೆ ಬರುವುದು ಆಕ್ಸಾಲಿಕ್ ಆಮ್ಲ. ಇದರ ಆಕ್ಸಲೇಟ್ ಅಯಾನು ಎರಡು ತುದಿಗಳಿಂದ ಒಂದೇ ಕಬ್ಬಿಣದ ಅಯಾನನ್ನು ಹಿಡಿದು ಹಳೆಯ ಬಂಧವನ್ನು ಸಡಿಲಿಸುತ್ತದೆ. ಬಿಸಿಯೋ ಬಿಸಿಲೋ ಸಿಕ್ಕರೆ ಅದು ಕಬ್ಬಿಣಕ್ಕೆ ಎಲೆಕ್ಟ್ರಾನನ್ನೂ ಕೊಟ್ಟು, ತಾನು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಎಲೆಕ್ಟ್ರಾನ್ ಪಡೆದ ಕಬ್ಬಿಣದ ಮೇಲೆ ಆಕ್ಸಿಜನ್ನಿನ ಹಿಡಿತ ಕಡಿಮೆ. ಅದು ಬೇಗ ಕಳಚಿಕೊಳ್ಳುತ್ತದೆ. ಹೀಗೆ ಕರಗಿದ ಕಬ್ಬಿಣ ತುಕ್ಕಿನಲ್ಲಿ ಉಳಿದ ಅಯಾನುಗಳಿಗೂ ಎಲೆಕ್ಟ್ರಾನ್ ದಾಟಿಸುವುದರಿಂದ, ಮೊದಲು ನಿಧಾನವಾಗಿದ್ದ ಕ್ರಿಯೆ ಬರಬರುತ್ತ ಚುರುಕಾಗುತ್ತದೆ. ಆಕ್ಸಾಲಿಕ್ ಆಮ್ಲ ವಿಷಕಾರಿ, ಕೈಗವಸಿಲ್ಲದೆ ಮುಟ್ಟಬಾರದು.

ಲೋಹವನ್ನು ಹಿಡಿಯುವ ಈ ಗುಣವನ್ನು ಗಿಡಗಳೂ ಬಳಸಿಕೊಳ್ಳುತ್ತವೆ. ಕೆಂಪು ಮಣ್ಣಿನಲ್ಲಿ ರಂಜಕ ಕಬ್ಬಿಣಕ್ಕೆ ಅಂಟಿಕೊಂಡು ಬೆಳೆಗೆ ದಕ್ಕದೆ ಉಳಿಯುತ್ತದೆ. ತೊಗರಿಯ ಬೇರು ಪಿಸ್ಸಿಡಿಕ್ ಎಂಬ ಸಾವಯವ ಆಮ್ಲವನ್ನು ಸ್ರವಿಸುತ್ತದೆ, ಅದು ಕಬ್ಬಿಣವನ್ನು ಹಿಡಿದು ರಂಜಕವನ್ನು ಬಿಡಿಸುತ್ತದೆ ಎಂದು 1990ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ತೊಗರಿ ಹಾಕುವ ನಮ್ಮ ರೈತರ ಪದ್ಧತಿಯನ್ನು ಉಳಿಸಿಕೊಳ್ಳಲು ಇದೂ ಒಂದು ಗಟ್ಟಿ ಕಾರಣ.