ಘಟ್ಟವೂ ನಾವೂ

ಮಳೆಗಾಲದ ಮೋಡ ಕವಿದ ದಿನಗಳನ್ನುಳಿದು, ಕಾರ್ಕಳದ ನೆರೆಯ ಕುಕ್ಕುಂದೂರಿನಲ್ಲಿ ನಿಂತು ಮೂಡಲಿಗೆ ಮುಖಮಾಡಿದವನಿಗೆ ಪಶ್ಚಿಮ ಘಟ್ಟದ ನೀಲಿಯ ಸಾಲು ಕಾಣದ ದಿನವಿಲ್ಲ. ಜೋಡುರಸ್ತೆಯಲ್ಲಿ ಬಸ್ಸಿಗೆ ಕಾಯುವ ಗುಮಾಸ್ತನೂ, ಕಚೇರಿಗೆ ಹೊರಟ ಅಧಿಕಾರಿಯೂ, ಶಾಲೆಯ ಬಾಲಕನೂ ಅದನ್ನು ನಿತ್ಯವೂ ಕಾಣುತ್ತಾರೆ. ಕಂಡವರಲ್ಲಿ ಅದರ ಮೇಲೆ ಕಾಲಿಟ್ಟವರು ಎಷ್ಟು ಮಂದಿ? ಸಭೆಗಳಲ್ಲಿ ದೇಶಭಕ್ತಿಯ ಮಾತುಗಳನ್ನು ಧಾರಾಳವಾಗಿ ಆಡುವ ನಾವು, ಮನೆಯಂಗಳದಿಂದ ಕಾಣುವ ದೇಶವನ್ನೇ ಅರಿಯದೆ ಇರುವುದು ನಾಚಿಕೆಯ ಸಂಗತಿಯಲ್ಲವೇ?

ಈ ನಾಚಿಕೆಯನ್ನು ಕಳೆದುಕೊಳ್ಳಬೇಕೆಂದು, ಕಾರ್ತಿಕವು ಮುಗಿಯುತ್ತ ಬಂದಿದ್ದ ಸಮಯದಲ್ಲಿ ನಾವು ಕೆಲವು ಸ್ನೇಹಿತರೊಡನೆ ಕುದುರೆಮುಖವನ್ನೇರಲು ಹೊರಟೆವು. ಬಜಗೋಳಿ, ಮಾಳಗಳನ್ನು ದಾಟಿ ಘಟ್ಟವೇರುವ ರಸ್ತೆಯಲ್ಲಿ 'ಎಸ್.ಕೆ. ಬಾರ್ಡರ್' ಎಂಬ ಸ್ಥಳವೊಂದುಂಟು. ಹಿಂದಿನ ದಕ್ಷಿಣ ಕನ್ನಡ ಜಿಲ್ಲೆಯ ಗಡಿಯೆಂದು ಆ ಹೆಸರಿನ ಅರ್ಥ. 1956ರ ವರೆಗೆ ಇತ್ತ ಕಡೆ ಮದರಾಸು, ಅತ್ತ ಕಡೆ ಮೈಸೂರು. ರಾಜ್ಯ ಒಂದಾಯಿತು, 1997ರಲ್ಲಿ ಉಡುಪಿಯು ಬೇರೆ ಜಿಲ್ಲೆಯೂ ಆಯಿತು, ಹಳೆಯ ಹೆಸರು ಮಾತ್ರ ಉಳಿದಿದೆ. ಮನುಷ್ಯರ ಪಾಲಿಗೆ ಅಳಿಸಿಹೋದ ಈ ಗೆರೆಯು ಮಳೆಯ ಪಾಲಿಗೆ ಅಳಿದಿಲ್ಲ. ಘಟ್ಟದ ಏಣಿನ ಪಡುವಣಕ್ಕೆ ಬಿದ್ದ ನೀರು ನಮ್ಮ ಕಡಲಿಗೆ ಇಳಿಯುತ್ತದೆ. ಮೂಡಣಕ್ಕೆ ಬಿದ್ದದ್ದು ಭದ್ರೆಯನ್ನು ಸೇರಿ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ.

ಕಳಸದ ಸಮೀಪದ ಸಂಸೆಯ ಮೂಲಕ ಮುಳ್ಳೋಡಿಯನ್ನು ಸೇರಿ, ರಾತ್ರಿ ಅಲ್ಲಿಯೇ ತಂಗಿ, ಬೆಳಗಾಗುತ್ತಲೇ ನಡಿಗೆಯನ್ನು ಆರಂಭಿಸಿದೆವು. ಶಿಖರದ ಎತ್ತರ ಸುಮಾರು 1,890 ಮೀಟರ್. ಹೋಗಿ ಬರುವ ದಾರಿ 18ರಿಂದ 20 ಕಿಲೋಮೀಟರ್. ಸಾವಿರ ಮೀಟರ್ ಏರಿದರೆ ಉಷ್ಣತೆಯು ಸುಮಾರು 6 ಡಿಗ್ರಿಯಷ್ಟು ಇಳಿಯುವುದೆಂದು ನಾವು ಪಾಠಗಳಲ್ಲಿ ಓದಿದ್ದೆವಷ್ಟೆ. ಆದರೆ ಗಾಳಿಯ ಲೆಕ್ಕವನ್ನು ಯಾರೂ ನಮಗೆ ಕಲಿಸಿರಲಿಲ್ಲ. ಕಾಡಿನೊಳಗಿರುವಷ್ಟು ಹೊತ್ತು ಬೆವರು. 'ಒಂಟಿಮರ'ವೆಂದು ಕರೆಯುವ ಮರವನ್ನು ದಾಟಿ ಬಯಲಾದ ಏಣಿಗೆ ಬಂದೊಡನೆ ಆ ಬೆವರೇ ಮಂಜುಗಡ್ಡೆಯಂತಾಯಿತು. ಸೆಕೆಗೆ ಹುಟ್ಟಿ ಸೆಕೆಯಲ್ಲೇ ಬೆಳೆದ ಕರಾವಳಿಯವರಾದ ನಮಗೆ ಹಲ್ಲು ಕಟಕಟಿಸುವ ಅನುಭವ ಹೊಸದು. ತಂದಿದ್ದ ಎರಡು ಶಾಲುಗಳನ್ನು ನಾಲ್ವರು ಸರದಿಯಂತೆ ಹೊದ್ದುಕೊಂಡೆವು.

ಆ ಏಣಿನ ಮೇಲೆ ನಿಂತು ನೋಡಿದರೆ ಎಲ್ಲೆಲ್ಲೂ ಹುಲ್ಲು. ತಗ್ಗುಗಳಲ್ಲಿ ಮಾತ್ರ ಗಿಡ್ಡ ಮರಗಳ ದಟ್ಟ ಕಾಡು. ಇದಕ್ಕೆ ಶೋಲಾ ಎಂದು ಹೆಸರು. ಬರಿಯ ಹುಲ್ಲುಗಾವಲನ್ನು ಕಂಡು, ಇದು ಪ್ರಯೋಜನವಿಲ್ಲದ ಬಂಜರು ಭೂಮಿಯೆಂದು ಪೇಟೆಯವರು ತಿಳಿಯುವುದುಂಟು. ವಾಸ್ತವವೇ ಬೇರೆ. ಹುಲ್ಲಿನ ಬೇರೂ ಶೋಲೆಯ ಕೊಳೆತ ಎಲೆಗಳ ಹಾಸೂ ಮಳೆಗಾಲದ ನೀರನ್ನು ಹೀರಿಟ್ಟುಕೊಂಡು, ಮಳೆ ನಿಂತ ಮೇಲೆ ಸ್ವಲ್ಪಸ್ವಲ್ಪವಾಗಿ ತೊರೆಗಳಿಗೆ ಬಿಡುತ್ತವೆ. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವುದು ಈ ಶ್ರೇಣಿಯಲ್ಲಿಯೇ. ಕಾರ್ಕಳ ತಾಲೂಕಿನಲ್ಲಿ ಹರಿದು ಬಜೆಯ ಅಣೆಕಟ್ಟಿನಿಂದ ಉಡುಪಿ ಮಣಿಪಾಲಗಳಿಗೆ ಕುಡಿಯುವ ನೀರನ್ನು ಕೊಡುವ ಸ್ವರ್ಣೆಯೂ ಇದೇ ಘಟ್ಟದ ಮಗಳು. 2019ರ ಬೇಸಗೆಯಲ್ಲಿ ಬಜೆಯ ನೀರು ತಳಕಂಡು ಉಡುಪಿಯ ಜನ ಕೊಡ ಹಿಡಿದು ಕಾದದ್ದನ್ನು ವಾಚಕರು ಮರೆತಿರಲಾರರು.

ಈ ಬೆಟ್ಟಗಳಿಂದ ನಾವು ಪಡೆದುಕೊಂಡದ್ದು ನೀರನ್ನು ಮಾತ್ರವೂ ಅಲ್ಲ. 1976ರಲ್ಲಿ ಸ್ಥಾಪಿತವಾದ ಕಂಪೆನಿಯು ಇಲ್ಲಿಯ ಕಬ್ಬಿಣದ ಅದಿರನ್ನು ಅಗೆದು, 67 ಕಿಲೋಮೀಟರ್ ಉದ್ದದ ಕೊಳವೆಯ ಮೂಲಕ ಮಂಗಳೂರಿಗೆ ಸಾಗಿಸಿತು. ಸಾವಿರಾರು ಸಂಸಾರಗಳಿಗೆ ಅದರಿಂದ ಅನ್ನ ದೊರೆತದ್ದು ನಿಜ. ಭದ್ರೆಗೆ ಕೆಸರು ಸೇರಿದ್ದೂ ನಿಜ. ಸರ್ವೋಚ್ಚ ನ್ಯಾಯಾಲಯದ 2002ರ ಆಜ್ಞೆಯಂತೆ 2005ರ ಕೊನೆಗೆ ಗಣಿ ನಿಂತಿತು. ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿರುವ ಗಣಿಯ ಹೂಳು ಮಾತ್ರ ಇಂದಿಗೂ ಅಲ್ಲಿದೆ.

ಶಿಖರಕ್ಕೆ ಇನ್ನು ಒಂದು ಗಂಟೆಯ ದಾರಿಯಿರುವಾಗ ಮಂಜು ಕವಿಯಿತು. ಗಾಳಿಯು ನಿಂತವರನ್ನು ಒತ್ತರಿಸತೊಡಗಿತು. ನಮ್ಮೊಡನಿದ್ದ ಮಾರ್ಗದರ್ಶಿಯು ಅಲ್ಲಿಯ ಊರಿನವನೇ. "ಇಳಿಯೋಣ ಸ್ವಾಮಿ. ಈಗ ಮೇಲೆ ಹೋದರೆ ಹಿಂದಿರುಗುವಾಗ ಕತ್ತಲಾಗುತ್ತದೆ. ಕತ್ತಲಾದ ಮೇಲೆ ಇದು ಕಾಟಿಗಳ ದಾರಿ, ನಮ್ಮದಲ್ಲ" ಎಂದನು. ಹಣ ಕಟ್ಟಿ ಬಂದಿದ್ದೇವೆ, ಇಷ್ಟು ದೂರ ನಡೆದಿದ್ದೇವೆ ಎಂದು ನಮ್ಮಲ್ಲಿಬ್ಬರು ವಾದಿಸಿದರು. ಅವನು ಮರುಮಾತಾಡದೆ ಇಳಿಯುವ ದಾರಿಯಲ್ಲಿ ಹೋಗಿ ನಿಂತನು. ನಾವೂ ಹಿಂದಿರುಗಿದೆವು. ಶಿಖರವನ್ನು ನಾವು ಕಾಣಲಿಲ್ಲವೆಂದು ಒಪ್ಪಿಕೊಳ್ಳುವುದರಲ್ಲಿ ನಮಗೆ ಸಂಕೋಚವಿಲ್ಲ.

ಇಳಿಯುವಾಗ ನಮಗೆ ಹೊಳೆದುದನ್ನು ಹೇಳಿ ಮುಗಿಸುತ್ತೇವೆ. 1987ರಲ್ಲಿ ಈ ಪ್ರದೇಶವು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದಂದಿನಿಂದ ಅಲ್ಲಿ ತಲೆತಲಾಂತರದಿಂದ ಬಾಳಿದ ಮಲೆಕುಡಿಯರೂ ಇತರ ಕೃಷಿಕರೂ ಕಾಡಿನ ನಿರ್ಬಂಧಗಳನ್ನು ವರ್ಷದ ಮುನ್ನೂರರುವತ್ತೈದು ದಿನವೂ ಹೊತ್ತಿದ್ದಾರೆ. ರಸ್ತೆ, ದೀಪ, ನೆಲದ ಹಕ್ಕು ಇವೆಲ್ಲಕ್ಕೂ ಅವರು ಕಚೇರಿಗಳ ಬಾಗಿಲಲ್ಲಿ ಕಾಯಬೇಕು. ಆ ಕಾಡು ಕಾದಿಟ್ಟ ನೀರನ್ನು ಕುಡಿಯುವವರು ಮಾತ್ರ ಬಯಲಿನ ನಾವು. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನಜಾತ್ರೆ ನುಗ್ಗಿದ ಮೇಲೆ ಸರಕಾರವು ಚಾರಣಿಗರ ಸಂಖ್ಯೆಗೆ ಮಿತಿಯಿಟ್ಟು, ಮುಂಗಡ ಅನುಮತಿಯ ಕ್ರಮವನ್ನು ಬಿಗಿಗೊಳಿಸಲು ಹೊರಟಿತು. ಆಗ ಗೊಣಗಿದವರಲ್ಲಿ ಪೇಟೆಯವರೇ ಹೆಚ್ಚು. ಒಂದು ದಿನದ ಮಿತಿಯನ್ನು ಸಹಿಸಲಾರದವರು, ಜೀವಮಾನದ ಮಿತಿಯನ್ನು ಇನ್ನೊಬ್ಬರು ಸಹಿಸಲೆಂದು ಬಯಸುವುದು ಯಾವ ನ್ಯಾಯ?

ಆದುದರಿಂದ ನಮ್ಮ ವಿನಂತಿಯಿಷ್ಟೆ. ಅಧಿಕಾರಿಗಳು ಚಾರಣದಿಂದ ಬರುವ ಹಣದಲ್ಲಿ ನ್ಯಾಯವಾದ ಪಾಲು ಆ ಊರುಗಳಿಗೇ ಸಲ್ಲುವಂತೆ ನೋಡತಕ್ಕದ್ದು. ಅವರ ಅರ್ಜಿಗಳನ್ನು ಬೇಗನೆ ತೀರ್ಮಾನಿಸತಕ್ಕದ್ದು. ನಾಗರಿಕರು ಘಟ್ಟಕ್ಕೆ ಅವಶ್ಯವಾಗಿ ಹೋಗಲಿ, ಮಕ್ಕಳನ್ನೂ ಕರೆದೊಯ್ಯಲಿ. ಆದರೆ ಕಂಬಳಿಯೊಂದನ್ನು ಹೊತ್ತು, ಕಸವನ್ನು ಹಿಂದಕ್ಕೆ ತಂದು, ಇಳಿಯೆಂದಾಗ ಇಳಿದು ಬರಲಿ. ಸ್ವಾತಂತ್ರ್ಯವನ್ನು ಪಡೆದ ಜನ ತಮಗೆ ತಾವೇ ಮಿತಿಯಿಟ್ಟುಕೊಳ್ಳುವುದನ್ನು ಕಲಿಯದಿದ್ದರೆ, ಬೇಸಗೆಯಲ್ಲಿ ಬತ್ತಿದ ಹೊಳೆಯೇ ಅದನ್ನು ಕಲಿಸುವುದು.