ಇಪ್ಪತ್ತು ನಿಮಿಷದ ಗಿರಾಕಿ

ಬೆನ್ನಿಗೆ ಚೀಲ ಏರಿಸಿಕೊಂಡು ಕಡಿಮೆ ಖರ್ಚಿನಲ್ಲಿ ದೇಶ ಸುತ್ತುವವರನ್ನು ನಮ್ಮ ಉದ್ಯಮ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದು ಚಹಾ ಕುಡಿದು ಅರ್ಧ ಗಂಟೆ ಟೇಬಲು ಹಿಡಿಯುವವರು ಎಂಬುದೇ ನಮ್ಮ ಅಭಿಪ್ರಾಯ. ಥಾಯ್ಲೆಂಡಿನಲ್ಲಿ ಅವರದೇ ದಾರಿ ಹಿಡಿದು, ಬ್ಯಾಂಕಾಕಿನಿಂದ ಕೋ ತಾವ್ ದ್ವೀಪಕ್ಕೆ ಒಂದು ದಿನ ಪ್ರಯಾಣ ಮಾಡಿದಾಗ ನಮಗೆ ಬೇರೆಯೇ ಲೆಕ್ಕ ಕಂಡಿತು.

ಬಸ್ಸು ಹೊರಡುವುದು ಖಾವ್ ಸಾನ್ ರಸ್ತೆಯ ಸಮೀಪದಿಂದ, ಬೆಳಗಿನ ಆರು ಗಂಟೆಯ ಹೊತ್ತಿಗೆ. ಖಾವ್ ಸಾನ್ ಎಂದರೆ ಅಕ್ಕಿ. ಒಂದು ಕಾಲಕ್ಕೆ ಅಲ್ಲಿ ಅಕ್ಕಿ ವ್ಯಾಪಾರ ನಡೆಯುತ್ತಿತ್ತಂತೆ. ಈಗ ಅಗ್ಗದ ವಸತಿಗೃಹಗಳದ್ದೇ ಸಾಲು. ಬಸ್ಸಿಗೂ ದೋಣಿಗೂ ಸೇರಿ ಒಂದೇ ಟಿಕೇಟು. ಇಳಿಯುವ ದ್ವೀಪದ ಹೆಸರಿನ ಚೀಟಿಯನ್ನು ಪ್ರಯಾಣಿಕರ ಅಂಗಿಗೇ ಅಂಟಿಸುತ್ತಾರೆ. ಭಾಷೆ ಬಾರದವನೂ ದಾರಿ ತಪ್ಪುವುದಿಲ್ಲ.

ಚುಂಫೋನ್ ಊರಿಗೆ ಸುಮಾರು 460 ಕಿ.ಮೀ. ದೂರ. ತಾಳೆಬೆಲ್ಲಕ್ಕೆ ಹೆಸರಾದ ಪೆಟ್ಚಬುರಿ, ಅನಾನಸಿನ ತೋಟಗಳಿರುವ ಪ್ರಚುವಾಪ್ ಜಿಲ್ಲೆ ದಾಟಿ ಬಸ್ಸು ದಕ್ಷಿಣಕ್ಕೆ ಸಾಗುತ್ತದೆ. ನಡುವೆ ಊಟಕ್ಕೆಂದು ಇಪ್ಪತ್ತು ನಿಮಿಷ ನಿಂತಿತು. ಅಂಗಡಿಯಲ್ಲಿ ಮೆನು ಕಾರ್ಡ್ ಇಲ್ಲ. ಹತ್ತಾರು ಟ್ರೇಗಳಲ್ಲಿ ಪಲ್ಯ, ಸಾರು ಸಿದ್ಧ. ಗಿರಾಕಿ ಬೆರಳು ತೋರಿಸಿದರೆ ಅನ್ನದ ಮೇಲೆ ಬಡಿಸಿ ಕೊಡುತ್ತಾರೆ. ದರವೂ ಎದುರಿಗೇ ಬರೆದಿದೆ. ಬಸ್ಸು ತುಂಬ ಇದ್ದ ಜನ ತಿಂದು, ಕೈ ತೊಳೆದು ಮತ್ತೆ ಹತ್ತಿದರೂ ಸಮಯ ಉಳಿದಿತ್ತು.

ನಮ್ಮ ಪಾಡು ಬೇರೆ. ಅಲ್ಲಿ ತರಕಾರಿ ಪಲ್ಯಕ್ಕೂ ‘ನಾಮ್ ಪ್ಲಾ’ ಎಂಬ ಮೀನಿನ ರಸ ಬೀಳುತ್ತದೆ. ಅಪ್ಪಟ ಸಸ್ಯಾಹಾರಕ್ಕೆ ಅವರು ‘ಜೇ’ ಎನ್ನುತ್ತಾರೆ. ನಮ್ಮ ಮಠದ ಅಡುಗೆಯಂತೆ ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಜೇ ಅಂಗಡಿಗಳ ಗುರುತು ಹಳದಿ ಬಾವುಟದ ಮೇಲೆ ಕೆಂಪಕ್ಷರ. ಇಲ್ಲಿ ಬಾವುಟ ಕಾಣಲಿಲ್ಲ. ನಾವು ‘ಜೇ’ ಎಂದೊಡನೆ ಅಂಗಡಿಯಾಕೆ ಒಂದೊಂದೇ ಟ್ರೇ ತೋರಿಸಿ ಇಲ್ಲವೆಂದು ಕೈಯಾಡಿಸಿದರು. ಕೊನೆಗೆ ಬರೀ ಅನ್ನ, ಎರಡು ಬಾಳೆಹಣ್ಣು ಕೊಟ್ಟರು. ಸುಳ್ಳು ಹೇಳಿದ್ದರೆ ನಾಲ್ಕು ಕಾಸು ಹೆಚ್ಚೇ ಗಿಟ್ಟುತ್ತಿತ್ತು. ಮತ್ತೆ ಸಿಗದ ಗಿರಾಕಿಗೂ ಆಕೆ ಸುಳ್ಳು ಹೇಳಲಿಲ್ಲ.

ಮಧ್ಯಾಹ್ನ ಚುಂಫೋನಿನಲ್ಲಿ ದೋಣಿ ಹತ್ತಿದೆವು. ಸುಮಾರು ಎರಡು ತಾಸಿನ ಹಾದಿ. ಅಲೆ ಏರಿದಾಗ ಹೊಟ್ಟೆ ಬಿರಿಯೆ ಉಂಡವರ ಅವಸ್ಥೆ ನೋಡಲಾಗದು. ಪ್ರಯಾಣದ ದಿನ ಹಗುರ ತಿಂಡಿಯೇ ಮೇಲು. ಇಡ್ಲಿಯ ಬೆಲೆ ನಮಗೆ ತಿಳಿದದ್ದು ಆಗ! ಕೋ ತಾವ್ ಸುಮಾರು 21 ಚದರ ಕಿ.ಮೀ. ಪುಟ್ಟ ದ್ವೀಪ. ಸಮುದ್ರದಾಳಕ್ಕೆ ಮುಳುಗುವ ವಿದ್ಯೆ ಕಲಿಯಲು ಜಗತ್ತಿನ ಯುವಕರೆಲ್ಲ ಬರುತ್ತಾರೆ. ಸಾಮಾನು ದೋಣಿಯಲ್ಲೇ ಬರಬೇಕಾದ್ದರಿಂದ ಊಟದ ದರ ಕೊಂಚ ಹೆಚ್ಚು. ಆದರೂ ಖಾನಾವಳಿಗಳು ಖಾಲಿ ಇರಲಿಲ್ಲ.

ನಮ್ಮ ಹಿರಿಯರೂ ಮಂಗಳೂರಿನಿಂದ ಆಗಬೋಟಿನಲ್ಲಿ ಮುಂಬಯಿಗೆ ಬಂದವರೇ. ದಾರಿಯ ಹಸಿವು ಬಲ್ಲವರಾದ್ದರಿಂದ ಬೇಗ ಬಡಿಸಿದರು, ಶುಚಿಯಾಗಿ ಬಡಿಸಿದರು, ನಂಬಿಕೆ ಗಳಿಸಿದರು. ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇ 2002ರಲ್ಲಿ ಪೂರ್ಣಗೊಂಡಿತು. ಹಳೆಯ ಹೆದ್ದಾರಿಯ ಹೋಟೆಲುಗಳ ಮುಂದೆ ನಿಲ್ಲುತ್ತಿದ್ದ ಎಷ್ಟೋ ಬಸ್ಸುಗಳು ಈಗ ಫುಡ್ ಮಾಲ್‌ಗಳ ಮುಂದೆ ನಿಲ್ಲುತ್ತವೆ. ಬಸ್ಸನ್ನು ಮರಳಿ ಕರೆತರುವುದು ನಮ್ಮ ಕೈಯಲ್ಲಿಲ್ಲ. ಆದರೆ ನಿಲ್ದಾಣ, ಹೆದ್ದಾರಿಗಳ ಬಳಿ ಇರುವ ಸದಸ್ಯರು ಇಷ್ಟಾದರೂ ಮಾಡಬಹುದು: ದರಪಟ್ಟಿ ಬಾಗಿಲಲ್ಲೇ ಇರಲಿ, ನಾಲ್ಕು ತಿಂಡಿ ಸದಾ ಸಿದ್ಧವಿರಲಿ, ಪಾರ್ಸೆಲ್‌ಗೆ ಬೇರೆ ಕೌಂಟರ್ ಇರಲಿ, ಶೌಚಾಲಯ ಚೊಕ್ಕಟವಾಗಿರಲಿ. ಯಾವ ತಿಂಡಿಯಲ್ಲಿ ಏನಿದೆ ಎಂದು ಕೇಳಿದವರಿಗೆ ನಮ್ಮ ಹುಡುಗರು ನಿಜ ಹೇಳಲಿ. ಅವಸರದಲ್ಲಿ ಬಂದವನು ಸಂತೋಷದಿಂದ ಹೋದರೆ, ಮುಂದಿನ ಬಾರಿ ಊರವರನ್ನೂ ಜತೆಗೆ ಕರೆತರುತ್ತಾನೆ.