ಕಾಮಿಕ್ ಕಾನ್: ಬರೀ ಟಿಕೆಟ್ ಸಾಕಾ, ನಮಗೂ ಒಂದು ಮೇಜು ಬೇಡ್ವಾ?

ವರ್ಷಕ್ಕೊಂದು ವಾರಾಂತ್ಯ ನೇರಳೆ ಮಾರ್ಗದ ಮೆಟ್ರೋದಲ್ಲಿ ಸ್ಪೈಡರ್‌ಮ್ಯಾನ್, ನರುಟೊ, ಬ್ಯಾಟ್‌ಮ್ಯಾನ್ ಎಲ್ಲರೂ ಒಂದೇ ಕಂಬಿ ಹಿಡ್ಕೊಂಡು ವೈಟ್‌ಫೀಲ್ಡ್ ಕಡೆ ಹೊರಟಿರ್ತಾರೆ. ಪಕ್ಕದ ಸೀಟಿನ ಅಜ್ಜಿ "ಏನಪ್ಪಾ, ನಾಟಕಾನಾ?" ಅಂತ ಕೇಳಿದ್ರೆ ಏನು ಹೇಳ್ತೀರಿ? ಪೂರ್ತಿ ತಪ್ಪು ಪ್ರಶ್ನೆಯೇನಲ್ಲ ಅದು. ಅಜ್ಜಿಗೂ ನಮ್ಮ ಜೂನಿಯರ್‌ಗಳಿಗೂ ಒಟ್ಟಿಗೇ ಉತ್ತರ ಹೇಳೋಣ ಅಂತ ಈ ಲೇಖನ.

ಕಾಮಿಕ್ ಕಾನ್ ಅಂದ್ರೆ ಕಾಮಿಕ್ಸ್, ಅನಿಮೆ, ಸಿನಿಮಾ, ಗೇಮ್‌ಗಳ ಅಭಿಮಾನಿಗಳ ಜಾತ್ರೆ. ಜಾತ್ರೆಯಲ್ಲಿ ತೇರು, ಅಂಗಡಿ, ವೇಷ ಇರೋ ಹಾಗೆ ಇಲ್ಲೂ ಮೂರು ಭಾಗ: ವೇದಿಕೆ ಕಾರ್ಯಕ್ರಮ, ಮಾರಾಟದ ಮಳಿಗೆಗಳು, ಕಾಸ್‌ಪ್ಲೇ. ಇವುಗಳ ನಡುವೆ ಕಲಾವಿದರು ತಾವೇ ಬರೆದ ಪುಸ್ತಕ, ಚಿತ್ರ, ಸ್ಟಿಕ್ಕರ್ ಇಟ್ಕೊಂಡು ಕೂರೋ ಮೇಜುಗಳ ಸಾಲೂ ಇರುತ್ತೆ. ನಮ್ಮ ಪ್ರಕಾರ ಜಾತ್ರೆಯ ಜೀವ ಇರೋದು ಅಲ್ಲೇ.

ಇದು ಶುರುವಾಗಿದ್ದು ತೀರಾ ಸಣ್ಣದಾಗಿ. 1970ರ ಆಗಸ್ಟ್‌ನಲ್ಲಿ ಅಮೆರಿಕದ ಸ್ಯಾನ್ ಡಿಯೇಗೋದ ಒಂದು ಹೋಟೆಲ್‌ನಲ್ಲಿ ಮೂರು ದಿನ ಸುಮಾರು 300 ಜನ ಸೇರಿದ್ರು. ಇವತ್ತು ಅದೇ ಕಾನ್‌ಗೆ 1,30,000ಕ್ಕೂ ಹೆಚ್ಚು ಜನ ಬರ್ತಾರೆ. ಟೋಕಿಯೋದ ಕಾಮಿಕೆಟ್ 1975ರಲ್ಲಿ 32 ಗುಂಪುಗಳಿಂದ ಶುರುವಾಯ್ತು. ಅಲ್ಲೊಂದು ಚಂದದ ನಿಯಮ ಇದೆ: ಅಲ್ಲಿ 'ಗಿರಾಕಿ' ಅನ್ನೋರೇ ಇಲ್ಲ. ಮಾರೋರು, ಕೊಳ್ಳೋರು, ಸ್ವಯಂಸೇವಕರು ಎಲ್ಲರೂ 'ಭಾಗವಹಿಸುವವರು'. ಭಾರತದ ಮೊದಲ ಕಾಮಿಕ್ ಕಾನ್ 2011ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ನಡೀತು. 2012ರಲ್ಲಿ ಕೋರಮಂಗಲದ ಒಳಾಂಗಣ ಕ್ರೀಡಾಂಗಣಕ್ಕೆ, ಅಂದ್ರೆ ನಮ್ಮೂರಿಗೆ ಬಂತು.

ಇನ್ನು ವೇಷದ ವಿಷಯ. ಯಕ್ಷಗಾನ, ಹುಲಿವೇಷ ನೋಡಿ ಬೆಳೆದ ನಮಗೆ ಕಾಸ್‌ಪ್ಲೇ ಹೊಸದೇನಲ್ಲ, ಸಾಮಗ್ರಿ ಮಾತ್ರ ಬೇರೆ. ರಕ್ಷಾಕವಚಕ್ಕೆ ಇವಿಎ ಫೋಮ್ ಹಾಳೆ ಸಾಕು. ಕಾಗದದಲ್ಲಿ ಅಳತೆ ತೆಗೆದು, ಕತ್ತರಿಸಿ, ಹೀಟ್ ಗನ್‌ನಿಂದ ಕಾಯಿಸಿ ಬಗ್ಗಿಸಿದ್ರೆ ತಣ್ಣಗಾದ ಮೇಲೂ ಅದೇ ಆಕಾರದಲ್ಲಿ ನಿಲ್ಲುತ್ತೆ. ಎದೆಯಲ್ಲಿ ಬೆಳಕು ಬೇಕಾದ್ರೆ ಎಲ್‌ಇಡಿ ಪಟ್ಟಿ, 5 ವೋಲ್ಟ್‌ನ ಪವರ್ ಬ್ಯಾಂಕ್. ಮೆಕ್ಯಾನಿಕಲ್‌ನವರೂ ಎಲೆಕ್ಟ್ರಾನಿಕ್ಸ್‌ನವರೂ ಜಗಳ ಇಲ್ಲದೆ ಮಾಡಬಹುದಾದ ಅಪರೂಪದ ಪ್ರಾಜೆಕ್ಟ್ ಇದು! ಎರಡು ಎಚ್ಚರಿಕೆ: ಅಂಟು ಹಚ್ಚೋವಾಗ ಕಿಟಕಿ ತೆಗೆದಿಡಿ, ಲೋಹದ ಕತ್ತಿ ತಗೊಂಡು ಹೋಗಬೇಡಿ. ಇನ್ನೊಂದು ಮುಖ್ಯವಾದ ಮಾತು: ಯಾರು ಯಾವ ವೇಷದಲ್ಲೇ ಇರಲಿ, ಕೇಳದೆ ಫೋಟೋ ತೆಗೆಯೋದು, ಮೈ ಮುಟ್ಟೋದು ತಪ್ಪು. ವೇಷದ ಒಳಗಿರೋದು ಮನುಷ್ಯರೇ.

ಈಗ ನಮ್ಮ ಮನಸ್ಸಿಗೆ ಚುಚ್ಚಿದ ವಿಷಯ. ನಾವು ಹೋದಾಗ ಎರಡು ದಿನ ಸುತ್ತಿದ್ವಿ, ಕೈತುಂಬ ಪೋಸ್ಟರ್ ತಂದ್ವಿ. ರೂಮಿಗೆ ಬಂದು ಎಲ್ಲಾ ಹರಡಿ ನೋಡಿದ್ರೆ ಕನ್ನಡದ ಒಂದಕ್ಷರ ಇಲ್ಲ. ಕನ್ನಡಕ್ಕೂ ಕಾಮಿಕ್ಸ್‌ಗೂ ಸಂಬಂಧವೇ ಇಲ್ವಾ ಅಂತ ಹುಡುಕಿದ್ರೆ ಸಿಕ್ಕಿದ್ದು ಬೇರೆಯೇ ಕಥೆ. 'ಅಮರ ಚಿತ್ರ ಕಥೆ' ರೂಪಿಸಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಆ ಮಾಲಿಕೆಯ ಇಂಗ್ಲಿಷ್ ಪುಸ್ತಕಗಳ ಸಂಖ್ಯೆ 1ರಿಂದಲ್ಲ, 11ರಿಂದ ಶುರುವಾಗುತ್ತೆ. ಯಾಕಂದ್ರೆ ಮೊದಲ ಹತ್ತು ಬಂದಿದ್ದು ಕನ್ನಡದಲ್ಲಿ! 1965ರ ಸುಮಾರಿಗೆ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಯೋಚನೆ ಅದು. 2011ರ ದೆಹಲಿ ಕಾಮಿಕ್ ಕಾನ್‌ನಲ್ಲಿ ಅನಂತ ಪೈ ಅವರಿಗೆ ಜೀವಮಾನ ಸಾಧನೆಯ ಗೌರವ ಸಂದಿತು. ಅದಾಗಿ ಐದೇ ದಿನಕ್ಕೆ, ಫೆಬ್ರವರಿ 24ರಂದು ಅವರು ತೀರಿಕೊಂಡರು.

ಅಂದ್ರೆ ಮೊದಲ ಹೆಜ್ಜೆ ಕನ್ನಡದ್ದು, ಇವತ್ತು ನಾವು ಬರೀ ಗಿರಾಕಿಗಳು. ಯಾರನ್ನೋ ಬೈದು ಪ್ರಯೋಜನ ಇಲ್ಲ. ಬರೆದು ತಗೊಂಡು ಹೋಗದೇ ಇದ್ರೆ ಮೇಜಿನ ಮೇಲೆ ಕನ್ನಡ ತಾನಾಗೇ ಬರೋದಿಲ್ಲ. ಕಷ್ಟವೇನೂ ಇಲ್ಲ: ಎರಡು ಎ4 ಹಾಳೆಗಳನ್ನ ಒಂದರೊಳಗೊಂದು ಮಡಚಿದ್ರೆ ಎಂಟು ಪುಟದ ಪುಟಾಣಿ ಪುಸ್ತಕ ರೆಡಿ. ಕಥೆಗೆ ಹಾಸ್ಟೆಲ್ ಮೆಸ್ಸಿನ ಸಾಂಬಾರೇ ಸಾಕು. ಜೆರಾಕ್ಸ್ ಅಂಗಡಿ ಗೇಟಿನ ಎದುರಿಗೇ ಇದೆ.

ಈ ಸೆಮಿಸ್ಟರ್‌ನಲ್ಲಿ ನಮ್ಮ ಸಂಘದಿಂದ ಅಂಥದ್ದೊಂದನ್ನ ಮಾಡೋಣ ಅಂತಿದ್ದೀವಿ. ಚಿತ್ರ ಬರೆಯೋರು, ಕಥೆ ಹೇಳೋರು, ಕಾಗುಣಿತ ತಿದ್ದೋರು ಎಲ್ಲರೂ ಬೇಕು. ಮುಂದಿನ ಸಲ ಅಜ್ಜಿ "ನಾಟಕಾನಾ?" ಅಂತ ಕೇಳಿದ್ರೆ, "ಅಲ್ಲ ಅಜ್ಜಿ, ಜಾತ್ರೆ. ತಗೊಳ್ಳಿ, ನಮ್ಮ ಪುಸ್ತಕ" ಅಂತ ಕೈಗೊಂದು ಕೊಡೋ ಹಾಗಿರಬೇಕು. ಬರ್ತೀರಲ್ವಾ?